ಎಂಟನೇ ವಾರದ ತಪ್ಪು

ಸಂಜೆ ಐದು ಗಂಟೆಗೆ ಕಡಲಂಚಿನ ಕೋಡಿಯಲ್ಲಿ, ಮೀನುಗಾರರ ದೈವ ಬೊಬ್ಬರ್ಯನ ಗುಡಿಯ ಎದುರು ನಿಂತು, ಕೇರಿಯ ಹತ್ತು ಜನ ನೋಡುತ್ತಿರುವಾಗ, ‘ತಪ್ಪಾಯಿತು’ ಎಂದು ಬಾಯಿ ಬಿಟ್ಟು ಹೇಳಬೇಕು. ಹೇಳಿ, ಬಿಳಿ ಬಟ್ಟೆಯ ತುಂಡಿನಲ್ಲಿ ಕಟ್ಟಿದ ನಾಣ್ಯದ ಗಂಟನ್ನು ಹರಿವಾಣಕ್ಕೆ ಹಾಕಬೇಕು. ಪಾಠ ಮಾಡಲು ಕಾಲೇಜಿಗೆ ಹೊರಟು ಬೈಂದೂರು ಬಸ್ಸಿನ ಕಿಟಕಿಯ ಪಕ್ಕ ಕುಳಿತ ಶರಣ್ಯಾಳಿಗೆ ಬೆಳಗಿನಿಂದ ಬೇರೆ ಯೋಚನೆಯೇ ಇಲ್ಲ. ಬಾಯೊಳಗೆ ಆ ಒಂದು ಶಬ್ದವನ್ನು ಮೀನಿನ ಮುಳ್ಳಿನ ಹಾಗೆ ಆ ದವಡೆಯಿಂದ ಈ ದವಡೆಗೆ ಆಡಿಸುತ್ತಿದ್ದಳು, ನುಂಗಲೂ ಆಗದು, ಉಗಿಯಲೂ ಆಗದು. ಬೆಳಿಗ್ಗೆ ಅತ್ತೆ ಜಲಜ ಆ ಗಂಟನ್ನು ಕಟ್ಟಿ ಅಡುಗೆಮನೆಯ ಕಿಟಕಿಯಲ್ಲಿ, ಎಲ್ಲರಿಗೂ ಕಾಣುವಂತೆ ಇಟ್ಟಿದ್ದರು. “ಐದ್ ಗಂಟಿಗ್ ಮುಂಚೆ ಬಾ. ಸಂಕ್ರಾಂತಿ ದಿನ ಜನ ಇರ್ತ್ರ್. ಪಾತ್ರಿ ಗುಡ್ಡಣ್ಣ ನಿನ್ ಕಾಯ್ಕಂಡ್ ಕೂಕಂಬುದಿಲ್ಲ,” ಎಂದರು. “ನಾನ್ ಎಂತ ತಪ್ಪ್ ಮಾಡಿದ್ದೆ ಅತ್ತೆ?” ಎಂದು ಶರಣ್ಯಾ ಕೇಳಿದಳು. ಜಲಜ ಬಂಗುಡೆ ಮೀನಿನ ರೆಕ್ಕೆಯನ್ನು ಕತ್ತಿಗೆ ಕೊಟ್ಟು ಕಚಕ್ಕನೆ ತೆಗೆದು, ತಲೆ ಎತ್ತದೆ ಹೇಳಿದರು: “ನಂಗೆಂತ ಗೊತ್ತಿತ್ತ್? ನೀನೇ ಹೇಳದ್ದಲ್ದಾ, ಎಂಟ್ನೇ ವಾರ ಅಂದ್ಕಂಡ್.”

ಹೌದು, ಅವಳೇ ಹೇಳಿದ್ದು. ಅದೇ ಅವಳನ್ನು ಸುಡುತ್ತಿರುವುದು. ಒಂಬತ್ತು ತಿಂಗಳ ಹಿಂದೆ ಮಗಳು ಇಂಚರ ಹುಟ್ಟಿದಾಗ ಎಡಗೈಯಲ್ಲಿ ಎರಡೇ ಬೆರಳಿದ್ದವು, ಹೆಬ್ಬೆರಳು ಮತ್ತು ಕಿರುಬೆರಳು, ನಡುವಿನ ಮೂರು ಇರಲಿಲ್ಲ. ನರ್ಸು ಮಗುವನ್ನು ತೋರಿಸಿ, ಹೆಣ್ಣು ಎಂದು ಹೇಳಿ, ಬಟ್ಟೆ ಸುತ್ತಿ ಬೇಗ ಬೇಗ ಹೊರಟುಹೋಗಿದ್ದಳು. ಮೂರನೇ ದಿನಕ್ಕೆ ಕಾರಣ ಸಿಕ್ಕಿತು. ಏಳನೇ ತಿಂಗಳ ಬಸಿರಿನಲ್ಲಿ ಚಂದ್ರಗ್ರಹಣದ ಹೊತ್ತಿಗೆ ಶರಣ್ಯಾ ಹಸಿವು ತಡೆಯದೆ ಎದ್ದು ಬಂದು ಪ್ಲಾಸ್ಟಿಕ್ಕಿನ ಹಾಲಿನ ತೊಟ್ಟೆಯ ಮೂಲೆಯನ್ನು ಕತ್ತರಿಯಿಂದ ಕತ್ತರಿಸಿದ್ದಳು. ಬಸುರಿ ಗ್ರಹಣದಲ್ಲಿ ಏನನ್ನಾದರೂ ಕತ್ತರಿಸಿದರೆ ಒಳಗಿನ ಮಗುವಿಗೆ ತಾಗುತ್ತದೆ ಎಂಬುದು ಕೇರಿಗೆಲ್ಲ ಗೊತ್ತು, ಓದಿದವಳಿಗೆ ಮಾತ್ರ ಗೊತ್ತಿಲ್ಲ. ಕೂಸನ್ನು ನೋಡಲು ಬಂದವರೆಲ್ಲ ಹಾಲಿನ ತೊಟ್ಟೆಯ ಕಥೆ ಕೇಳಿಕೊಂಡು, ಚಾ ಕುಡಿದು, ‘ಮಾಡಿದ್ದುಣ್ಣೋ ಮಹಾರಾಯ’ ಎಂಬ ಮುಖ ಮಾಡಿಕೊಂಡು ಹೋದರು. ಎಂಟು ತಿಂಗಳು ಅವಳು ಹಲ್ಲು ಕಚ್ಚಿ ಸುಮ್ಮನಿದ್ದಳು. ಸುಮ್ಮನಿದ್ದಿದ್ದರೆ ಹಾಲಿನ ತೊಟ್ಟೆ ಹಾಲಿನ ತೊಟ್ಟೆಯಾಗಿಯೇ ಉಳಿದು ಹಳಸಿಹೋಗುತ್ತಿತ್ತು. ಆದರೆ ಹೋದ ತಿಂಗಳು ಒಂದು ಭಾನುವಾರ, ಯಾರೋ ದೂರದ ನೆಂಟರ ಎದುರು ಮತ್ತೆ ಆ ಕಥೆ ಶುರುವಾದಾಗ, ಅವಳಿಗೆ ತಡೆಯಲಾಗಲಿಲ್ಲ. ಗೋಡೆಯ ಕ್ಯಾಲೆಂಡರ್ ಇಳಿಸಿ, ನೆಲದ ಮೇಲೆ ಹಾಸಿ, ಬೆರಳಿಟ್ಟು ಲೆಕ್ಕ ತೋರಿಸಿದಳು. ಮಗುವಿನ ಕೈ ಶುರುವಾಗುವುದು ನಾಲ್ಕನೇ ವಾರಕ್ಕೆ, ಎಂಟನೇ ವಾರ ಮುಗಿಯುವಾಗ ಬೆರಳುಗಳೆಲ್ಲ ಬಿಡಿ ಬಿಡಿಯಾಗಿ ಮುಗಿದಿರುತ್ತವೆ. ಗ್ರಹಣ ಬಂದದ್ದು ಸೆಪ್ಟೆಂಬರಿನಲ್ಲಿ. ಇಂಚರಳ ಎಂಟನೇ ವಾರ ಮೇ ತಿಂಗಳಿನದು. “ಗ್ರಹಣ ಬಪ್ಪತಿಗೆ ಅವ್ಳ್ ಕೈ ಆಯಿ ಮುಗ್ದಿತ್ತ್ ಅತ್ತೆ. ಆದ್ ಮೇಲ್ ಹೊಸ್ತಾಯಿ ಎಂತ ಕತ್ತರ್ಸೂಕಾತ್ತ್?” ಎಂದಳು, ಗೆದ್ದವಳಂತೆ. ಆಗ ಯತೀಶ್, ಅವಳ ಗಂಡ, ತಾನು ಓಡಿಸುವ ಐಸ್ ಟೆಂಪೋ ಬಿಟ್ಟರೆ ಬೇರೆ ಯಾವುದರಲ್ಲೂ ಬಾಯಿ ಹಾಕದವನು, ಯಾವ ಕೆಟ್ಟ ಯೋಚನೆಯೂ ಇಲ್ಲದೆ ಹೇಳಿದ: “ಮೇ ಅಂದ್ರೆ... ನೀನ್ ಕಾಲೇಜಂಗೆ ಆ ಮೊಟ್ಟೆ ಪ್ರಯೋಗ ಮಾಡದ್ದ್ ಆಗ್ಳೇ ಅಲ್ದಾ? ವಿಡಿಯೋ ಕಳ್ಸಿದ್ಯಲೆ ನಂಗೆ.”

ಬಸ್ಸು ಮರವಂತೆಯ ಹತ್ತಿರ ಬಂದಿತ್ತು. ಒಂದು ಪಕ್ಕ ಹೊಳೆ, ಒಂದು ಪಕ್ಕ ಕಡಲು. ಪ್ರವಾಸಿಗಳು ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಿದ್ದರು. ಅವರನ್ನು ನೋಡಿಯೇ ಅವಳಿಗೆ ಸಿಟ್ಟು ಬಂತು. ಯತೀಶನಿಗೆ ನೆನಪಿರಬಾರದಿತ್ತು. ಮದುವೆಯ ದಿನ ನೆನಪಿರದ ಮನುಷ್ಯನಿಗೆ ಮೊಟ್ಟೆಯ ವಿಡಿಯೋ ನೆನಪಿತ್ತು. ಅದರಲ್ಲಿ ಅವಳೇ ಇದ್ದಳು, ಬಿಳಿ ಕೋಟು ಹಾಕಿಕೊಂಡು, ಮೂರು ದಿನ ಕಾವು ಕೊಟ್ಟ ಮೊಟ್ಟೆಯ ಚಿಪ್ಪಿನಲ್ಲಿ ಬೆರಳುಗುರಿನಷ್ಟು ಕಿಂಡಿ ಕೊರೆದು, ತೆಳು ಸೂಜಿಯಿಂದ ಮರಿಯ ಬಲ ರೆಕ್ಕೆಯ ಮೊಗ್ಗಿನ ತುದಿಯನ್ನು ಎಬ್ಬಿಸಿ ತೆಗೆದದ್ದು, ಕಿಂಡಿಗೆ ಟೇಪ್ ಅಂಟಿಸಿ ಮತ್ತೆ ಕಾವಿಗಿಟ್ಟದ್ದು. ಹತ್ತನೇ ದಿನ ತೆರೆದಾಗ ಮರಿಯ ಬಲ ರೆಕ್ಕೆ ಮೊಣಕೈಗೇ ನಿಂತಿತ್ತು. ಮಕ್ಕಳು ಚಪ್ಪಾಳೆ ತಟ್ಟಿದ್ದರು. ಬೈಂದೂರಿನಂಥ ಊರಿನ ಕಾಲೇಜಿನಲ್ಲಿ, ಅತಿಥಿ ಉಪನ್ಯಾಸಕಿಯೊಬ್ಬಳು, ಪುಸ್ತಕದ ಚಿತ್ರವನ್ನು ಕಣ್ಣೆದುರು ಮಾಡಿ ತೋರಿಸಿದ್ದಳು. ಅವತ್ತು ಅವಳ ಹೊಟ್ಟೆಯೊಳಗೆ ಇಂಚರ ಏಳೋ ಎಂಟೋ ವಾರದವಳು. ಈಗ ಜಲಜ ಆ ಮೊಟ್ಟೆಯ ಸಂಗತಿಯನ್ನು ಬಸ್ರೂರಿನ ಜೋಯಿಸರ ಹತ್ತಿರ ಒಯ್ದಿದ್ದರು. ಜೋಯಿಸರು ಕವಡೆ ಎಣಿಸಿ, ಬೊಬ್ಬರ್ಯನಿಗೆ ತಪ್ಪು ಕಾಣಿಕೆ ಹಾಕಬೇಕು, ಹೆತ್ತವಳೇ ಹಾಕಬೇಕು, ಬಾಯಿ ಬಿಟ್ಟು ಹಾಕಬೇಕು ಎಂದಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಹಾಲಿನ ತೊಟ್ಟೆಯ ಕಥೆಗೆ ಅವಳು ನಗಬಹುದಿತ್ತು. ಇದಕ್ಕೆ ನಗಲಾಗಲಿಲ್ಲ. ಅವರ ಕೈಗೆ ಮೊಂಡು ಕತ್ತಿಯ ಬದಲು ಹರಿತ ಕತ್ತಿಯನ್ನು ತಾನೇ ಕೊಟ್ಟಿದ್ದಳು, ಅದೂ ಕ್ಯಾಲೆಂಡರ್ ಹಾಸಿ, ಬೆರಳಿಟ್ಟು.

ಇವತ್ತಿನ ಪಾಠವೂ ಅದೇ ಆಗಬೇಕೇ. ಪಠ್ಯದ ಪಟ್ಟಿ ಯಾರ ಹೊಟ್ಟೆಯುರಿಯನ್ನೂ ಕೇಳಿ ಬರೆದದ್ದಲ್ಲ. ಹಲಗೆಯ ಮೇಲೆ ಭ್ರೂಣದ ಪಕ್ಕೆಯಲ್ಲಿ ಒಂದು ಸಣ್ಣ ಉಬ್ಬು ಬರೆದಳು. ಇದು ಕೈಯ ಮೊಗ್ಗು. ಇದರ ತುದಿಯಲ್ಲಿ ಒಂದು ಏಣು ಇರುತ್ತದೆ, ಚರ್ಮದ ಜೀವಕೋಶಗಳು ಒತ್ತೊತ್ತಾಗಿ ಕುಳಿತ ಏಣು. ಅದು ಬೆಳವಣಿಗೆಯ ಅಂಶ ಎಂಬ ಪ್ರೋಟೀನನ್ನು ಕೆಳಗಿನ ಜೀವಕೋಶಗಳಿಗೆ ಬಿಡುತ್ತಾ ಇರುತ್ತದೆ. ಅದು ಬಂದು ತಾಗಿದರೆ ಜೀವಕೋಶದ ಮೈಮೇಲಿನ ಗ್ರಾಹಕ ಎಚ್ಚೆತ್ತು, ಸುದ್ದಿ ಒಬ್ಬರಿಂದ ಒಬ್ಬರಿಗೆ ದಾಟಿ ಒಳಗೆ ಕೋಶಕೇಂದ್ರಕ್ಕೆ ಹೋಗಿ, ಕೆಲವು ಜೀನ್‌ಗಳು ತೆರೆಯುತ್ತವೆ, ಕೆಲವು ಮುಚ್ಚುತ್ತವೆ. ಜೀನ್ ಎಲ್ಲ ಕೋಶದಲ್ಲೂ ಒಂದೇ. ಯಾವುದು ಯಾವಾಗ ತೆರೆಯಬೇಕು ಎಂಬುದಷ್ಟೇ ಬೇರೆ. ಮೊಗ್ಗಿನ ಕೆಳಬದಿಯಲ್ಲಿ ಇನ್ನೊಂದು ಜಾಗ ಇದೆ, ಅದು ಇನ್ನೊಂದು ಸಂಕೇತ ಕಳಿಸುತ್ತದೆ. ಗಂಗೊಳ್ಳಿ ಬಂದರಿನಲ್ಲಿ ಮೀನು ಏಲಂ ಕೂಗುವುದಿಲ್ಲವೇ, ಹಾಗೆ. ಹತ್ತಿರ ನಿಂತವರಿಗೆ ಜೋರಾಗಿ ಕೇಳುತ್ತದೆ, ಅವರು ಒಂದು ರೀತಿ ತೀರ್ಮಾನ ಮಾಡುತ್ತಾರೆ, ದೂರ ನಿಂತವರಿಗೆ ಸಣ್ಣಗೆ ಕೇಳುತ್ತದೆ, ಅವರ ತೀರ್ಮಾನ ಬೇರೆ. ಜೋರಾಗಿ ಕೇಳಿದ ಕಡೆ ಕಿರುಬೆರಳು, ಕೇಳದಷ್ಟು ದೂರದಲ್ಲಿ ಹೆಬ್ಬೆರಳು. ಏಣು ಆ ಜಾಗವನ್ನು ಬದುಕಿಸುತ್ತದೆ, ಆ ಜಾಗ ಏಣನ್ನು ಬದುಕಿಸುತ್ತದೆ, ಒಂದು ನಿಂತರೆ ಇನ್ನೊಂದೂ ನಿಲ್ಲುತ್ತದೆ. ಏಣು ಬೇಗ ನಿಂತುಹೋದರೆ ಮೇಲ್ತೋಳು ಮಾತ್ರ ಆಗುತ್ತದೆ, ಸ್ವಲ್ಪ ತಡವಾಗಿ ನಿಂತರೆ ಮುಂಗೈಯೂ ಆಗುತ್ತದೆ, ಇನ್ನೂ ತಡವಾಗಿ, ನಡುವಿನಲ್ಲಿ ಮಾತ್ರ ನಿಂತರೆ... ಅವಳು ಸೀಮೆಸುಣ್ಣ ಕೆಳಗಿಟ್ಟು ಕೈ ಒರೆಸಿಕೊಂಡಳು. ಹಲಗೆಯ ಮೇಲಿದ್ದ ಕೈಗೆ ಐದು ಬೆರಳು ಬರೆಯಬೇಕಿತ್ತು. ಮನೆಯಲ್ಲಿ ಅತ್ತೆ ದಿನಾ ಕತ್ತರಿಸಿ ಬಿಸಾಡುವ ಬಂಗುಡೆಯ ರೆಕ್ಕೆಯೂ ಶುರುವಾಗುವುದು ಇಂಥದೇ ಏಣಿನಿಂದ, ಇದೇ ಮಾತಿನಿಂದ. ಕೋಟಿ ಕೋಟಿ ಮೀನಿಗೆ ತಪ್ಪದ ಮಾತು ನನ್ನ ಮಗಳಿಗೆ ಯಾಕೆ ತಪ್ಪಿತು?

“ಮೇಡಂ, ಹೋದ್ ಬ್ಯಾಚಿಗೆ ಮೊಟ್ಟೆ ಪ್ರಾಕ್ಟಿಕಲ್ ಮಾಡ್ಸಿದ್ರಂಬ್ರ್. ನಮ್ಗೂ ಮಾಡ್ಸಿ ಮೇಡಂ,” ಎಂದ ಎರಡನೇ ಬೆಂಚಿನ ಅಕ್ಷಯ್. ಒಳ್ಳೆಯ ಹುಡುಗ, ಇಡೀ ತರಗತಿಯಲ್ಲಿ ನೋಟ್ಸು ಬರೆಯುವವನು ಅವನೊಬ್ಬನೇ. “ಹೊರಗೆ ಹೋಗು,” ಎಂದಳು ಶರಣ್ಯಾ. ಹುಡುಗ ನಕ್ಕ, ತಮಾಷೆ ಎಂದುಕೊಂಡು. “ಹೊರಗೆ ಹೋಗು ಅಂದೆ!” ಅವಳ ಧ್ವನಿ ಪಕ್ಕದ ಕೋಣೆಯ ಪಾಠವನ್ನೂ ನಿಲ್ಲಿಸಿತು. ಅಕ್ಷಯ್ ಪುಸ್ತಕ ಮುಚ್ಚಿ ಎದ್ದು, ಬಾಗಿಲ ಹತ್ತಿರ ತಿರುಗಿ, “ನಾನ್ ಎಂತ ತಪ್ಪ್ ಮಾಡ್ದೆ ಮೇಡಂ?” ಎಂದು ಕೇಳಿದ. ಅವಳು ತಿರುಗಿ ಹಲಗೆ ಒರೆಸತೊಡಗಿದಳು. ಬೆಳಿಗ್ಗೆ ಇದೇ ಪ್ರಶ್ನೆಗೆ ಜಲಜರ ಹತ್ತಿರ ಒಂದು ಉತ್ತರವಾದರೂ ಇತ್ತು.

ಸ್ಟಾಫ್ ರೂಮಿನಲ್ಲಿ ಕನ್ನಡದ ಚಂದ್ರಮತಿ ಊಟದ ಡಬ್ಬಿ ಬಿಚ್ಚುತ್ತಾ ವಿಷಯ ಕೇಳಿದರು. ಅವರಿಗೆ ಎಲ್ಲ ಗೊತ್ತಿತ್ತು, ಗೊತ್ತಿಲ್ಲದವರೇ ಇರಲಿಲ್ಲ. “ನಾನಾದ್ರೆ ಹೇಳಿ ಬಿಡ್ತಿದ್ದೆ ಮಾರಾಯ್ತಿ. ಒಂದ್ ಮಾತ್. ಹೇಳಿರೆ ಬಾಯಿ ಸವೀತ್ತಾ? ಮುದ್ಕಿಗೆ ಸಮಾಧಾನ, ನಿಂಗೂ ಸಮಾಧಾನ.” ಯತೀಶನೂ ಇದನ್ನೇ ಹೇಳಿದ್ದ, ಇದೇ ದನಿಯಲ್ಲಿ. ಎಲ್ಲರಿಗೂ ಅವಳ ಬಾಯಿಂದ ಒಂದು ಮಾತು ಬೇಕು, ಒಂದೇ ಒಂದು, ಅದಾದರೆ ಊರೆಲ್ಲ ತಣ್ಣಗೆ ಮಲಗುತ್ತದೆ. ಬ್ರಹ್ಮಾವರದ ಸ್ಕ್ಯಾನಿಂಗಿನವನು ಮಾತ್ರ ಯಾರಿಗೂ ತಪ್ಪಾಯಿತು ಎನ್ನಬೇಕಿಲ್ಲ. ಐದನೇ ತಿಂಗಳಿನಲ್ಲಿ ತಣ್ಣನೆಯ ಜೆಲ್ ಹಚ್ಚಿ, ಭುಜಕ್ಕೂ ಕಿವಿಗೂ ನಡುವೆ ಫೋನು ಸಿಕ್ಕಿಸಿಕೊಂಡು ಯಾರದೋ ಮನೆಯ ಟೈಲ್ಸಿನ ಬಣ್ಣದ ಬಗ್ಗೆ ಮಾತಾಡುತ್ತಲೇ, “ಕೈ ಎರಡು, ಕಾಲು ಎರಡು, ಎಲ್ಲ ನಾರ್ಮಲ್” ಎಂದು ಬರೆಸಿದವನು. ಗೊತ್ತಾಗಿದ್ದರೆ ಏನು ಮಾಡುತ್ತಿದ್ದೆ? ಆ ಪ್ರಶ್ನೆ ಬಂದಾಗಲೆಲ್ಲ ಅವಳು ಬೇಗ ಬೇಗ ಬೇರೆ ಯಾರ ಮೇಲಾದರೂ ಸಿಟ್ಟು ಮಾಡಿಕೊಳ್ಳುತ್ತಿದ್ದಳು. ದೊಡ್ಡಾಸ್ಪತ್ರೆಯವರು ಆಮೇಲೆ ರಕ್ತ ತೆಗೆದು, ಜೀನ್ ಪರೀಕ್ಷೆ ಮಾಡಿ, ಕಾರಣ ಸಿಗಲಿಲ್ಲ, ಹೀಗೆ ಆಗುವುದುಂಟು, ಯಾರ ತಪ್ಪೂ ಅಲ್ಲ ಎಂದು ಕಳಿಸಿದ್ದರು. ‘ಯಾರ ತಪ್ಪೂ ಅಲ್ಲ’ ಎನ್ನುವುದನ್ನು ಕೋಡಿಯಲ್ಲಿ ಯಾರ ಎದುರು ಇಟ್ಟರೂ ಅದು ಕಾರಣವೇ ಅಲ್ಲ. ಅವಳಿಗೂ ಅಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಮಗು ಮಲಗಿದಾಗ ಅವಳು ಆ ವಿಡಿಯೋ ತೆಗೆದು ನೋಡುತ್ತಿದ್ದಳು. ಸೂಜಿ ಹಿಡಿದ ತನ್ನ ಕೈ ಎಷ್ಟು ಸ್ಥಿರವಾಗಿತ್ತು! ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು, ಸೂಜಿ ಮೊಟ್ಟೆಯಿಂದ ಗರ್ಭಕ್ಕೆ ಹಾರುವುದಿಲ್ಲ ಎಂದು ಯಾರಿಗೆ ಬೇಕಾದರೂ ಪಾಠ ಹೇಳಬಲ್ಲವಳು, ಆ ಮರಿಗೂ ನನ್ನ ಮಗುವಿಗೂ ಅದೇ ವಾರ, ಅದೇ ಏಣು ಎಂದು ಎಣಿಸುತ್ತಾ ಕೂತಿರುತ್ತಿದ್ದಳು. ಅತ್ತೆಯ ಮೇಲಿನ ಸಿಟ್ಟಿನಲ್ಲಿ ಅರ್ಧ ಇದೇ. ತಾನು ಯಾರಿಗೂ ಹೇಳದೆ ಯೋಚಿಸಿದ್ದನ್ನು ಆ ಹೆಂಗಸು ಅಕ್ಷರ ಗೊತ್ತಿಲ್ಲದೆಯೇ, ಕತ್ತಿಮಣೆಯ ಮೇಲೆ ಕುಳಿತು, ಜೋರಾಗಿ ಹೇಳಿಬಿಟ್ಟಿದ್ದಳು.

ಮತ್ತೆ ಬಸ್ಸು. ಪಕ್ಕದಲ್ಲಿ ಕುಳಿತ ಹುಡುಗಿ ಫೋನಿನಲ್ಲಿ ತನ್ನ ಫೋಟೋದ ಅಂಚುಗಳನ್ನು ಎಳೆದೆಳೆದು ಕತ್ತರಿಸುತ್ತಿದ್ದಳು. ಆರನೇ ತಿಂಗಳಲ್ಲಿ ಇಂಚರ ಮೊದಲ ಸಲ ಕುಳಿತಾಗ ಶರಣ್ಯಾ ಒಂದು ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದ್ದಳು. ಎಡಗೈ ಬರದ ಹಾಗೆ, ಇದೇ ರೀತಿ, ಹೆಬ್ಬೆರಳಿನಿಂದ ಅಂಚು ಎಳೆದು ಕತ್ತರಿಸಿ ಹಾಕಿದ್ದಳು. ನೂರಾರು ಜನ ಚಂದ ಎಂದಿದ್ದರು. ಅದು ಗ್ರಹಣದ ದಿನವಲ್ಲ, ಬಿಸಿಲಿನ ಮಧ್ಯಾಹ್ನ. ಯಾರೂ ಅವಳಿಗೆ ಹಾಗೆ ಮಾಡು ಎಂದು ಹೇಳಿರಲಿಲ್ಲ. ಶರಣ್ಯಾ ಮುಖ ತಿರುಗಿಸಿ ಕಿಟಕಿಯ ಕಂಬಿಗೆ ಹಣೆ ಒತ್ತಿದಳು. ಕಂಡಕ್ಟರ್ ‘ಶಾಸ್ತ್ರಿ ಸರ್ಕಲ್’ ಎಂದು ಕೂಗಿದಾಗ ಇಳಿದು, ಕೋಡಿಯ ಆಟೋ ಹತ್ತಿದಳು.

ಮನೆಯಲ್ಲಿ ಎಲ್ಲರೂ ಹೊರಟು ನಿಂತಿದ್ದರು. ಯತೀಶ್ ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಮದುವೆಗೆ ಹೊರಟವನಂತೆ. “ಒಂದ್ ಮಾತ್ ಹೇಳಿ ಮುಗ್ಸ್,” ಎಂದು ಅವಳ ಕಿವಿಯ ಹತ್ತಿರ ಹೇಳಿದ. “ನಿನ್ಗೆ ಅಷ್ಟ್ ಸುಲಭ ಆರೆ ನೀನೇ ಹೇಳ್,” ಎಂದಳು. “ನಾನ್ ಹೇಳಿರೆ ಆತಿಲ್ಲಂಬ್ರಲೆ. ಹೆತ್ತವ್ಳೇ ಹೇಳ್ಕಂಬ್ರ್.” ಅವನ ಮುಖದಲ್ಲಿ ನಿಜವಾದ ಬೇಸರವಿತ್ತು, ತನ್ನಿಂದ ಆಗುವುದಿದ್ದರೆ ಈಗಲೇ ಮಾಡುತ್ತಿದ್ದೆ ಎಂಬ ಬೇಸರ. ಅದಕ್ಕಾಗಿ ಅವನನ್ನು ಹೊಡೆಯಬೇಕೆನಿಸಿತು. ಜಲಜ ಮಗುವನ್ನು ಎತ್ತಿಕೊಂಡು ಮುಂದೆ ನಡೆದರು, ಅದರ ಎಡಭುಜದ ಮೇಲೆ ಒಂದು ಟವೆಲು, ಕೈ ಕಾಣದಂತೆ.

ಗುಡಿಯ ಎದುರು ಹತ್ತಲ್ಲ, ಇಪ್ಪತ್ತು ಜನರಿದ್ದರು. ಕಡಲಿನ ಕಡೆಯಿಂದ ಒಣಮೀನಿನ ವಾಸನೆ, ಒಳಗಿನಿಂದ ಧೂಪದ ವಾಸನೆ. ದೈವ ಮೈಮೇಲೆ ಬರುವ ಪಾತ್ರಿ ಗುಡ್ಡಣ್ಣ ಮುದುಕ, ಉಳಿದ ದಿನಗಳಲ್ಲಿ ದಡದಲ್ಲಿ ಕುಳಿತು ಬಲೆ ಕಟ್ಟುವವನು, ಈಗ ಕೆಂಪು ಶಾಲು ಹೊದ್ದು ಮೆಟ್ಟಿಲ ಮೇಲೆ ನಿಂತಿದ್ದ. ಜಲಜ ಹೇಳಬೇಕಾದದ್ದನ್ನು ಮೊದಲೇ ಹೇಳಿಟ್ಟಿದ್ದರು ಎಂಬುದು ಅವನ ಕಣ್ಣಿನಲ್ಲೇ ಗೊತ್ತಾಗುತ್ತಿತ್ತು. ಅವನು ಇಂಚರಳ ಕೈಗೆ ಅಡಿಕೆ ಹೂವಿನ ಹಿಂಗಾರದ ಎಸಳು ಕೊಟ್ಟ, ಬಲಗೈಗೆ. ಮಗು ಅದನ್ನು ಗಟ್ಟಿಯಾಗಿ ಹಿಡಿದುಕೊಂಡು ಅಲ್ಲಾಡಿಸಿತು. “ಬಾ ಮಗಾ,” ಎಂದ ಶರಣ್ಯಾಳಿಗೆ, “ತಪ್ಪಾಯ್ತ್ ಅಂದ್ ಹೇಳಿ ಹಾಕ್. ದೊಡ್ಡಕ್ ಹೇಳ್ಕಂದೇನಿಲ್ಲ. ಮನ್ಸಂಗೆ ಹೇಳಿರೂ ಸಾಕ್, ಅವ್ನಿಗ್ ಕೇಂತ್ತ್.”

“ಇಲ್ಲ ಗುಡ್ಡಣ್ಣ,” ಎಂದರು ಜಲಜ. “ಬಾಯ್ ಬಿಟ್ಟ್ ಹೇಳ್ಕಂದೇ ಜೋಯ್ಸ್ರ್ ಹೇಳಿದ್ದ್.”

ಗಂಟು ಅವಳ ಅಂಗೈಯಲ್ಲಿತ್ತು, ಬೆವರಿಗೆ ಬಟ್ಟೆ ಒದ್ದೆಯಾಗಿತ್ತು. ಹೇಳಿಬಿಡಬಹುದಿತ್ತು. ಆ ಕೋಳಿಮರಿಗಾದರೂ ಹೇಳಬಹುದಿತ್ತು, ಅದಕ್ಕೆ ಮಾತ್ರ ನಿಜವಾಗಿ ಬಾಕಿಯಿತ್ತು. ಅದರ ರೆಕ್ಕೆಯನ್ನು ತೆಗೆದದ್ದು ತಾನೇ, ಚಪ್ಪಾಳೆಗೆ ಖುಷಿಪಟ್ಟದ್ದೂ ತಾನೇ. ಅದನ್ನು ನೆನೆದು ಹೇಳಿದರೆ ಸುಳ್ಳಾಗುವುದಿಲ್ಲ, ಯಾರಿಗೂ ಗೊತ್ತಾಗುವುದೂ ಇಲ್ಲ, ರಾತ್ರಿ ಊಟಕ್ಕೆ ಮುಂಚೆ ಎಲ್ಲ ಮುಗಿದಿರುತ್ತದೆ. ಅವಳ ತುಟಿ ತೆರೆಯಿತು. ಹಿಂದಿನಿಂದ ಜಲಜ ಮಗುವಿನ ಕೆನ್ನೆಗೆ ಬಾಯಿ ಹಚ್ಚಿ ಮುದ್ದಿನಿಂದ ಹೇಳುವುದು ಕೇಳಿಸಿತು: “ಕಾಣ್ ಮಗಾ, ಅಮ್ಮ ಈಗ ತಪ್ಪಾಯ್ತ್ ಅಂತ್ಲ್. ನಿನ್ ಕೈ ಹೀಂಗ್ ಮಾಡಿದ್ದ್ ನಾನೇ ಅಂತ್ಲ್. ಕಾಣ್ ಕಾಣ್.”

ಒಂಬತ್ತು ತಿಂಗಳ ಮಗುವಿಗೆ ಅರ್ಥವಾಗುವುದಿಲ್ಲ. ಎರಡು ವರ್ಷಕ್ಕೆ ಆಗುತ್ತದೆ. ಐದು ವರ್ಷಕ್ಕೆ ಅಂಗನವಾಡಿಯಲ್ಲಿ ಯಾರೋ ಕೇಳುತ್ತಾರೆ, ಇಂಚರ ತನ್ನ ಕೈ ತೋರಿಸಿ, ಇದು ಅಮ್ಮ ಮಾಡಿದ ಪಾಪ, ದೇವರಿಗೆ ತಪ್ಪು ಕಾಣಿಕೆ ಹಾಕಿದ್ದೇವೆ ಎಂದು, ಅಜ್ಜಿ ಕಲಿಸಿಕೊಟ್ಟ ಪದ್ಯದಂತೆ ಹೇಳುತ್ತಾಳೆ. ತನ್ನ ಕೈ ಎಂದರೆ ಯಾರದೋ ತಪ್ಪು ಎಂದೇ ತಿಳಿದು ದೊಡ್ಡವಳಾಗುತ್ತಾಳೆ. ಬೆಳಗಿನಿಂದ ಶರಣ್ಯಾ ತನ್ನ ಮಾನಕ್ಕಾಗಿ ಸಿಟ್ಟುಗೊಂಡಿದ್ದಳು. ಈಗ ಬಂದ ಸಿಟ್ಟು ಬೇರೆಯದು, ಅದರಲ್ಲಿ ತಾನು ಇರಲೇ ಇಲ್ಲ.

ಅವಳು ಗುಡಿಗೆ ಬೆನ್ನು ಹಾಕಿ ತಿರುಗಿದಳು. “ಬೆರಳ್ ಹೋದ್ದ್ ಯಾರಿಗೆ?” ಎಂದು ಕೇಳಿದಳು, ಇಪ್ಪತ್ತು ಜನರಿಗೂ ಕೇಳುವಂತೆ. “ನಂಗಾ? ನಿಮ್ಗಾ? ಬೊಬ್ಬರ್ಯನಿಗಾ? ಅವ್ಳಿಗಲ್ದಾ? ತಪ್ಪ್ ಕಾಣ್ಕಿ ಹಾಕುದಾರೆ ಅವ್ಳಿಗ್ ಹಾಕ್ಕ್. ನಾನೂ ಹಾಕ್ಕ್, ನೀವೂ ಹಾಕ್ಕ್. ಆ ಸ್ಕ್ಯಾನಿಂಗಿನವ್ನೂ ಬಂದ್ ಹಾಕ್ಕ್.” ಟವೆಲನ್ನು ಎಳೆದು ಯತೀಶನ ಮೇಲೆ ಬಿಸಾಡಿ, ಗಂಟನ್ನು ಮಗುವಿನ ಮುಂದೆ ಹಿಡಿದಳು. “ತಪ್ಪಾಯ್ತ್ ಇಂಚರ. ನಿನ್ ಫೋಟೋ ಕತ್ತರಿಸ್ದೆ. ನಿನ್ ಕೈ ಕಂಡ್ ನಂಗೆ ನಾಚ್ಕಿ ಆಯ್ತ್. ಅದ್ ನನ್ ತಪ್ಪ್. ಬೇರೆ ಯಾವ್ದೂ ಅಲ್ಲ.”

ಮಗುವಿನ ಬಲಗೈಯಲ್ಲಿ ಹಿಂಗಾರವಿತ್ತು. ಅದು ಎಡಗೈ ಚಾಚಿ, ಹೆಬ್ಬೆರಳಿಗೂ ಕಿರುಬೆರಳಿಗೂ ನಡುವೆ ಗಂಟನ್ನು ಸಿಕ್ಕಿಸಿ ಎಳೆದುಕೊಂಡು ನೇರ ಬಾಯಿಗೆ ಒಯ್ದಿತು.

“ಅಯ್ಯೋ, ದೇವ್ರ್ ದುಡ್ಡ್, ಬಾಯಿಗ್ ಹಾಕ್ತ್!” ಎಂದು ಜಲಜ ಅದರ ಕೈ ಹಿಡಿದರು. ಬಿಡಿಸಲು ನೋಡಿದರು. ನಲವತ್ತು ವರ್ಷ ಜಾರುವ ಮೀನು ಹಿಡಿದ ಕೈ ಅದು, ಆದರೂ ಆಗಲಿಲ್ಲ. ಮಗು ಮುಖ ಕೆಂಪಗೆ ಮಾಡಿಕೊಂಡು, ಇನ್ನೂ ಬಿಗಿಯಾಗಿ ಹಿಡಿದು, ಅಜ್ಜಿಯನ್ನು ದುರುಗುಟ್ಟಿ ನೋಡಿತು. ಜಲಜ ಮತ್ತೊಮ್ಮೆ ಎಳೆದರು. “ಎಂತಾ ಗಟ್ಟಿ ಹಿಡ್ಕಂಡಿತ್ತ್ ಮಾರಾಯ್ತಿ ಇದ್,” ಎಂದರು, ಯಾರಿಗೋ ಅಲ್ಲ, ತಮಗೇ. ಗುಡ್ಡಣ್ಣ ಮೇಲಿನಿಂದ, “ಬಿಡಿ ಜಲಜಕ್ಕ, ಹಿಂದೆ ಜನ ಇತ್ತ್,” ಎಂದ. ಸಾಲು ಮುಂದೆ ಸರಿಯಲು ನೋಡುತ್ತಿತ್ತು.

“ಒಂಬತ್ತ್ ತಿಂಗ್ಳಾಯ್ತ್ ಅತ್ತೆ,” ಎಂದಳು ಶರಣ್ಯಾ. ಅವಳ ಸಿಟ್ಟು ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ. “ಆ ಕೈ ನೀವ್ ಮುಟ್ಟಿದ್ದ್ ಇವತ್ತೇ ಮೊದ್ಲ್.”

ಜನ ಜಲಜರನ್ನು ದಾಟಿಕೊಂಡು ಹರಿವಾಣದ ಕಡೆ ಹೋಗತೊಡಗಿದರು. ಅವರು ದಾರಿಗೆ ಅಡ್ಡವಾಗಿ ಅಲ್ಲೇ ನಿಂತಿದ್ದರು, ಎರಡು ಬೆರಳಿನ ಆ ಕೈಯನ್ನು ತಮ್ಮ ಕೈಯೊಳಗೆ ಹಿಡಿದುಕೊಂಡು.